ಆಮೆಯ ಮೊಟ್ಟೆ, ಬೀರಮ್ಮನ ಬಸಿರು

ಎರಡು ತಿಂಗಳ ಬಸುರಿ ಚಿಕ್ಕಬೀರಮ್ಮನನ್ನು ಅವಳ ಅತ್ತೆ ಪುಟ್ಟಮಾದಮ್ಮ ಹನ್ನೊಂದು ದಿನ, ಕೋಳಿ ಕೂಗಿದಾಗಿನಿಂದ ಹೊತ್ತೇರುವ ತನಕ, ಎಡತೊರೆಯ ಹೊಳೆಯಲ್ಲಿ ಸೊಂಟಮಟ್ಟ ನಿಲ್ಲಿಸಿದಳು.

ಮೊದಲೆರಡೂ ಹೆಣ್ಣು. ಮೂರನೆಯದು ಗಂಡಾಗಬೇಕಿತ್ತು.

ಮಾರ್ಗಶಿರದ ನೀರು. ಕಾಲು ಮೊದಲು ಉರಿಯುತ್ತಿತ್ತು, ಆಮೇಲೆ ಕಾಲಿದೆ ಎಂಬುದೇ ಮರೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಅತ್ತೆ ಮೊದಲ ದಿನ ಆಡಿದ ಮಾತು: ಇದು ನಿನ್ನ ಗಂಡ ಹೇಳಿದ ಉಪಾಯ ಕಣೇ.

ಅಂಕಯ್ಯ... ಮದುವೆಯ ಹೊಸತರಲ್ಲಿ ಅವಳ ಪಾದ ಒದ್ದೆಯಾಗಬಾರದೆಂದು ಹರಿಗೋಲಿನಿಂದ ಎತ್ತಿ ದಡ ಸೇರಿಸಿದವನು. ಅವನೇ ಹೀಗೆ ಹೇಳಿದನೇ? ಕನ್ನಂಬಾಡಿ ಕಟ್ಟೆಗೆ ಕಲ್ಲು ಹೊರಲು ಹೋದವನನ್ನು ಕೇಳುವುದಾದರೂ ಹೇಗೆ?

ಹನ್ನೊಂದನೆಯ ದಿನ ಅವನೇ ಬಂದ. ನೀರಲ್ಲಿ ತುಟಿ ನೀಲಿಗಟ್ಟಿದ ಹೆಂಡತಿ, ದಡದಲ್ಲಿ ಕಂಬಳಿ ಹೊದ್ದ ತಾಯಿ. ಹೆಗಲ ಗಂಟು ಬಿಸಾಕಿ ಹೊಳೆಗಿಳಿದ.

ಅವಳು ಹಿಂದೆ ಸರಿದಳು.

"ಮುಟ್ಟಬ್ಯಾಡಿ. ನೀವೇ ಯೋಳಿದ್ರಂತಲ್ಲ."

ಅವನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ತಲೆ ತಗ್ಗಿತು. ಊರು ಬಿಡುವ ದಿನ ಉಣ್ಣುತ್ತಾ ಕೂತು ಅವ್ವನಿಗೊಂದು ಸುದ್ದಿ ಹೇಳಿದ್ದ. ಮೀನು ಹಿಡಿಯುತ್ತಿದ್ದ ತಾತ ಆಮೆ ಮೊಟ್ಟೆಗಳನ್ನು ಎರಡು ಪಾಲು ಮಾಡಿ ಹೂತನಂತೆ. ಹೊಂಗೆ ನೆರಳಿನ ತಣ್ಣನೆ ಮರಳಿನವೆಲ್ಲ ಗಂಡಾದವಂತೆ, ಬಿಸಿಲಿಗೆ ಕಾದ ಮರಳಿನವೆಲ್ಲ ಹೆಣ್ಣಾದವಂತೆ. ಅಷ್ಟೇ. ಆಮೆಯ ಮಾತನ್ನು ಅವ್ವ ಸೊಸೆಯ ಹೊಟ್ಟೆಗೆ ಹಚ್ಚಿದ್ದಳು.

"ನಾನಾಡಿದ್ದು ಆಮೆ ಸುದ್ದಿ ಬೀರಿ, ನಿನ್ ಸುದ್ದಿ ಅಲ್ಲ..." ಅವನು ನಿಂತಲ್ಲಿಂದಲೇ ಕೈ ಚಾಚಿದ. "ನಂಗೆ ಗಂಡು ಬ್ಯಾಡ, ಹೆಣ್ಣು ಬ್ಯಾಡ. ನೀನು ಉಳೀಬೇಕು."

ಹನ್ನೊಂದು ದಿನ ಬಾರದ ಅಳು ಆಗ ಬಂತು. ಅವನ ತೋಳು ಹಿಡಿದು ದಡ ಹತ್ತಿದಳು. ಮನೆಯ ದಾರಿ ಹಿಡಿಯಲಿಲ್ಲ. ಬಟ್ಟೆ ಒಗೆಯುವ ಬಂಡೆಗೆ ಬಿಸಿಲು ಬಿದ್ದಿತ್ತು. ಅದರ ಮೇಲೆ, ಹೊಟ್ಟೆಯನ್ನು ಸೂರ್ಯನಿಗೆ ಒಡ್ಡಿ ಕೂತಳು.

ಪುಟ್ಟಮಾದಮ್ಮ ಕಂಬಳಿ ಕೊಡವಿ ಎದ್ದಳು. "ಕಾಯೋ ಬಂಡೆ ಮ್ಯಾಲೆ ಕುಂತ್ರೆ ಇದೂ ಹೆಣ್ಣೇ ಆಯ್ತದೆ ಕಣೇ, ಏಳು. ನೀರಿಗಿಳಿ."

ಅವಳು ಅಲುಗಲಿಲ್ಲ. ಎಳೆದು ತಾರೋ ಎಂದು ಮಗನಿಗೆ ಹೇಳಿದಳು ತಾಯಿ. ಮಗ ಹೋದ, ಹೆಂಡತಿಯ ಪಕ್ಕ ಕೂತ, ಮರಗಟ್ಟಿದ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದ.

"ಬಿಸ್ಲು ಸಾಕಾ?" ಮೆಲ್ಲಗೆ ಕೇಳಿದ.

"ಇನ್ನೊಸಿ ಬೇಕು."

ಅತ್ತೆ ಎದುರಿಗೆ ಬಂದು ನಿಂತು ಹೊಳೆಯತ್ತ ಕೈ ತೋರಿದಳು.

ಚಿಕ್ಕಬೀರಮ್ಮ ಕಣ್ಣೊರೆಸಿಕೊಂಡಳು.

"ಹೆಣ್ಣೇ ಆಗ್ಲಿ ಅತ್ತೆ. ನಾನು ಇಳಿಯಾಕಿಲ್ಲ."