ಎರಡು ನಡುವೆ, ಒಂದು ಅಂಚಿಗೆ

ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಷಟರ್ ಎತ್ತುವುದು ಅವಳ ಪಾಲಿನ ಕೆಲಸ. ಆ ಹೊತ್ತಿಗೆ ಒಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದರೆ ಆ ಸೋಮವಾರ ಷಟರ್ ಇನ್ನೂ ಅರ್ಧ ಏರಿತ್ತಷ್ಟೆ, ಗೋಡೌನಿನ ಕಡೆಯಿಂದ ಸದ್ದು ಕೇಳಿಸಿತು.

ಟಕ್, ಟಕ್. ಒಂದು ಗಳಿಗೆ ತಡೆದು, ಟಕ್.

ಮರದ ಕೋಲಿನಿಂದ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಫಿಲ್ಮ್ ರೋಲನ್ನು ತಟ್ಟುವ ಸದ್ದು ಅದು. ಎರಡು ನಡುವೆ, ಒಂದು ಅಂಚಿಗೆ. ಹಾಗೆ ತಟ್ಟುತ್ತಿದ್ದವನು ಅವಳ ಗಂಡ. ಅವನು ಜ್ವರವೆಂದು ಮಲಗಿ ಮೇಲೇಳದೆ ಹೋಗಿ ಆಗಲೇ ಎರಡು ವರ್ಷವಾಗಿತ್ತು.

ಗಂಡ ಇದ್ದಾಗ ಅವಳು ಈ ಕಾರ್ಖಾನೆಯ ಹೊಸ್ತಿಲು ತುಳಿದವಳಲ್ಲ. ಇಲ್ಲೇ ಆಪರೇಟರಾಗಿದ್ದ ಅವನು ಹೋದ ಮೇಲೆ ಯಜಮಾನರು ಅವಳನ್ನು ಕರೆದು, ಕೊಯ್ದ ರೋಲುಗಳ ಚೆಕಿಂಗ್ ಕೆಲಸ ಕೊಟ್ಟರು. ಆದರೆ ಅವನ ಕೈಯ ಚಾಳಿ ಮನೆಯಲ್ಲೂ ಬಿಟ್ಟಿರಲಿಲ್ಲ. ಹಿಟ್ಟಿನ ಡಬ್ಬಿ, ನೀರಿನ ಡ್ರಮ್ಮು, ಸಂತೆಯಿಂದ ತಂದ ಕಲ್ಲಂಗಡಿ, ಸಿಕ್ಕಿದ್ದನ್ನೆಲ್ಲ ತಟ್ಟಿ ನೋಡುವವನು. ಆ ಸದ್ದನ್ನು ನಿದ್ದೆಯಲ್ಲೂ ಗುರುತಿಸುತ್ತೇನೆ ಎಂದು ಅವಳು ಅಂದುಕೊಂಡಿದ್ದಳು.

ಅವಳು ಒಳಗೆ ಹೋದಳು. ಪ್ಲಾಸ್ಟಿಕ್ ಹೊದ್ದು ನಿಂತ ಆಳೆತ್ತರದ ಬಿಳಿ ರೋಲುಗಳ ನಡುವೆ, ಕೋಲು ಹಿಡಿದು ತಲೆ ಓರೆ ಮಾಡಿಕೊಂಡು ಯಾರೋ ನಿಂತಿದ್ದ. ಗಂಡನಲ್ಲ. ಅಲ್ಲವೆಂದು ಗೊತ್ತಿದ್ದೂ ಅವಳಿಗೆ ಅಳು ಬಂತು.

"ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

ಅವನು ತಿರುಗಿಯೂ ನೋಡಲಿಲ್ಲ. ಎರಡನೇ ಸಲ ಕೂಗಿದಾಗ ಬೆಚ್ಚಿಬಿದ್ದ. "ಅಯ್ಯೋ! ಹೊಸ ಆಪರೇಟರ್ ನಾನು. ಹಿಂದಿನ ಬಾಗಿಲಿಂದ ವಾಚ್‌ಮನ್ ಬಿಟ್ಟ. ಹೆದರಿಸಿಬಿಟ್ಟೆನಾ?"

"ಹೀಗೆ ತಟ್ಟೋದು ಯಾರು ಹೇಳಿಕೊಟ್ರು?"

ಅವನು ಹೇಳಿದ್ದು ಅವಳ ಗಂಡನ ಹೆಸರನ್ನೇ. ಅವಳ ಮದುವೆಗೂ ಮುಂಚೆ, ಬೇರೊಂದು ಕಾರ್ಖಾನೆಯಲ್ಲಿ, ಹನ್ನೊಂದು ತಿಂಗಳು ಅವನ ಕೈಕೆಳಗೆ ಕಲಿತಿದ್ದನಂತೆ. "ಗುರುಗಳು ಬೈದಷ್ಟು ನಮ್ಮಪ್ಪನೂ ಬೈದಿಲ್ಲ," ಎಂದು ನಕ್ಕ.

"ಅವರು ನಮ್ಮ ಮನೆಯವರು," ಎಂದಳು ಅವಳು. "ಅವರೂ ಹೀಗೇ ತಟ್ಟೋರು."

ಅವನ ನಗು ಹಾಗೇ ಇಂಗಿಹೋಯಿತು. ಏನೋ ಹೇಳಹೊರಟವನು ಸುಮ್ಮನಾದ.

ಮಾರನೆಯ ದಿನದಿಂದ ಅವಳು ಏಳೂಕಾಲಿಗೇ ಬರತೊಡಗಿದಳು. ಕೆಲಸ ಜಾಸ್ತಿ ಎಂದು ಅತ್ತೆಗೆ ಹೇಳಿದ್ದಳು. ಯಾವ ಕೆಲಸವೂ ಇರಲಿಲ್ಲ. ಗೋಡೌನಿನ ಮೂಲೆಯ ರೋಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಲ್ಲುವುದು, ಅಷ್ಟೆ. ಟಕ್, ಟಕ್, ಟಕ್. ಮುಚ್ಚಿದ ಕಣ್ಣಿಗೆ ಗಂಡ ಒಂದೊಂದೇ ರೋಲು ದಾಟಿ ಹತ್ತಿರ ಬರುತ್ತಿದ್ದ. ಕುತ್ತಿಗೆಗೆ ಅವನ ಉಸಿರು ತಾಗಿದಂತಾಗಿ ಮೈ ಜುಮ್ಮೆನ್ನುತ್ತಿತ್ತು. ಕಣ್ಣು ತೆರೆದರೆ ಆಪರೇಟರು.

"ಇಷ್ಟೊಂದು ರೋಲ್ ತಟ್ಟಬೇಕಾ ದಿನಾ?" ಎಂದು ಒಮ್ಮೆ ಕೇಳಿದಳು. ಹಿಂದಿನ ದಿನ ತಟ್ಟಿದ್ದನ್ನೇ ಅವನು ಮತ್ತೆ ತಟ್ಟುತ್ತಿದ್ದ.

"ಸುತ್ತು ಬಿಗಿ ಇದ್ರೆ ಗಟ್ಟಿ ಸದ್ದು, ಸಡಿಲ ಇದ್ರೆ ಮಂದ ಸದ್ದು. ನೋಡ್ಕೊಳ್ಳಬೇಕಲ್ಲ," ಎಂದ. ಆಮೇಲೆ ಕೋಲಿನ ತುದಿ ನೋಡುತ್ತ, "ಕೇಳೋರಿದ್ರೆ ತಟ್ಟೋಕೇನು ಕಷ್ಟ," ಎಂದು ಸೇರಿಸಿದ.

ಅವಳು ಸರಸರ ಟೇಬಲ್ಲಿಗೆ ಬಂದು ಕೂತಳು. ಕೆನ್ನೆ ಬಿಸಿಯಾಗಿತ್ತು. ಇದೊಳ್ಳೆ ಕಥೆಯಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅವಳು ಅವನನ್ನು ಕೇಳುತ್ತಿದ್ದುದೆಲ್ಲ ಗಂಡನ ವಿಷಯವೇ. "ಅವರು ಆಗ ನಗ್ತಿದ್ರಾ?"

"ಎಲ್ಲಿ ನಗ್ತಿದ್ರು? ನಾನು ಬೈಸ್ಕೊಳ್ಳುವಾಗ ಉಳಿದವರು ನಗ್ತಿದ್ರು."

ಕೆಲವೊಮ್ಮೆ ಅವಳು ಪಕ್ಕದಲ್ಲೇ ನಿಂತು ಮಾತಾಡಿಸಿದರೂ ಅವನು ಉತ್ತರಿಸುತ್ತಿರಲಿಲ್ಲ. ಕೆಲಸದವರು ಅವನಿಗೆ ಜಂಭದ ಆಪರೇಟರ್ ಎಂದೇ ಹೆಸರಿಟ್ಟಿದ್ದರು. ಇರಬಹುದು ಎಂದುಕೊಂಡಿದ್ದಳು ಅವಳೂ.

ಜಗಳವೂ ಆಯಿತು, ಚಾಕುಗಳ ಮೇಲೆ. ಕೊಯ್ಯುವ ಮಷೀನಿನಲ್ಲಿ ಆಳೆತ್ತರದ ಜಂಬೋ ರೋಲು ಒಂದು ಕಡೆಯಿಂದ ಬಿಚ್ಚಿಕೊಂಡು ಬಂದು, ಸಾಲು ಚಾಕುಗಳನ್ನು ಹಾಯ್ದು, ಆಚೆ ಕಡೆ ಅಂಗೈ ಅಗಲದ ಪಟ್ಟಿಗಳಾಗಿ ಸುತ್ತಿಕೊಳ್ಳುತ್ತದೆ. ಗಂಡನ ಕಾಲದಿಂದ ಅಲ್ಲಿದ್ದದ್ದು ರೇಜರ್ ಬ್ಲೇಡು. ಓಡುವ ಫಿಲ್ಮು ಅದಕ್ಕೆ ತಾಗಿ ತಾನೇ ಸೀಳಿಕೊಳ್ಳುತ್ತದೆ. ಈಗ ಬಂದ ದಪ್ಪ ಫಿಲ್ಮಿಗೆ ಅದು ಒಗ್ಗದೆ, ಅಂಚಿನಲ್ಲಿ ಎಳೆ ಎದ್ದು ಒಂದು ಲೋಡು ವಾಪಸು ಬಂದಿತ್ತು. ಅವನು ಪೆಟ್ಟಿಗೆಯಿಂದ ದುಂಡು ಚಾಕುಗಳನ್ನು ತೆಗೆದ. ಮೇಲೊಂದು ಕೆಳಗೊಂದು, ಮಗ್ಗುಲಿಗೆ ಮಗ್ಗುಲು ತಾಗಿ ತಿರುಗುತ್ತ ಕತ್ತರಿಯಂತೆ ಕತ್ತರಿಸುವ ಜೋಡಿಗಳು.

"ಅವರು ಬ್ಲೇಡಲ್ಲೇ ಕೊಯ್ತಿದ್ರು," ಎಂದು ಅವಳು ಅಡ್ಡ ನಿಂತಳು.

"ಅವರ ಕಾಲದ ಫಿಲ್ಮ್ ಈರುಳ್ಳಿ ಸಿಪ್ಪೆ ತರ ಇತ್ತು. ಇದು ಚಪ್ಪಲಿ ತರ ಇದೆ! ಒಂದು ರೋಲ್ ಕೊಯ್ದು ತೋರಿಸ್ತೀನಿ. ಇಷ್ಟ ಆಗ್ಲಿಲ್ಲ ಅಂದ್ರೆ ರಿಜೆಕ್ಟ್ ಮಾಡಿ."

ಕೊಯ್ದ. ಪಕ್ಕಪಕ್ಕದ ಪಟ್ಟಿಗಳು ಅಂಚಿಗೆ ಅಂಚು ಹೆಣೆದುಕೊಳ್ಳದಂತೆ ಒಂದನ್ನು ಮೇಲಿನ ಶಾಫ್ಟಿಗೆ, ಅದರ ಮಗ್ಗುಲಿನದನ್ನು ಕೆಳಗಿನದಕ್ಕೆ ಸುತ್ತಿಸಿದ. ಅವಳು ರೋಲಿನ ಅಂಚಿಗೆ ಉಗುರಾಡಿಸಿ ನೋಡಿದಳು. ಒಂದೆಳೆಯೂ ಇಲ್ಲ, ನುಣುಪು. ಸ್ಲಿಪ್ಪಿಗೆ ಸಹಿ ಹಾಕುವಾಗ ಗಂಡನಿಗೆ ಏನೋ ದ್ರೋಹ ಬಗೆದಂತಾಯಿತು. ಆಪರೇಟರನ ಅಂಗಿತೋಳು ಮಡಿಚಿದ ಕೈ, ಮಣಿಕಟ್ಟಿನ ಮೇಲಿನ ಹಳೆಯ ಬ್ಲೇಡಿನ ಗಾಯ, ಅದರ ಮೇಲೇ ತನ್ನ ಕಣ್ಣು ನೆಟ್ಟಿರುವುದು ಗೊತ್ತಾಗಿ ಇನ್ನಷ್ಟು ಹೆದರಿದಳು. ನೋಡುತ್ತಿರುವುದು ಯಾರನ್ನು? ಇವನನ್ನೋ, ಇವನ ಹಿಂದೆ ನಿಂತವನನ್ನೋ?

ಮೂರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವನು ಚೆಕಿಂಗ್ ಟೇಬಲ್ಲಿನ ಮುಂದೆ ಬಂದು ನಿಂತ.

"ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ನನ್ನನ್ನ ಮದುವೆ ಆಗ್ತೀರಾ? ನಿಮ್ಮ ಅತ್ತೆಯವರನ್ನೂ ನಮ್ಮ ಜೊತೆಗೇ ಇಟ್ಕೊಳ್ಳೋಣ. ಯೋಚನೆ ಮಾಡಿ ಹೇಳಿ."

ಅತ್ತೆಗೆ ಹೇಳಿದಂಥ ಸುಳ್ಳು ಇವನೆದುರು ಬಾಯಿಗೆ ಬರಲಿಲ್ಲ, ಅದೇ ಅವಳ ಕರ್ಮ. "ನೀವು ತಟ್ಟುವಾಗ ನನಗೆ ಕೇಳಿಸೋದು ಅವರು," ಎಂದಳು. "ದಿನಾ ಬೆಳಿಗ್ಗೆ ನಾನು ಬರೋದು ಅವರಿಗೋಸ್ಕರ. ನೀವು ಮನಸ್ಸಿಗೆ ಹಿಡಿಸಿಲ್ಲ ಅಂತಲ್ಲ. ಆದ್ರೆ ಹೂಂ ಅಂದ್ರೆ ಯಾರಿಗೆ ಅಂದ ಹಾಗಾಗುತ್ತೆ, ನೀವೇ ಹೇಳಿ."

ಅವನ ಮುಖ ಕಪ್ಪಿಟ್ಟಿತು. "ಸರಿ," ಎಂದು ಹೊರಟುಹೋದ.

ಮರುದಿನ ಗೋಡೌನಿನಲ್ಲಿ ಸದ್ದಿರಲಿಲ್ಲ. ಅವನು ರೋಲುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಶನಿವಾರದಿಂದಾಚೆ ಬರುವುದಿಲ್ಲವೆಂದು ಯಜಮಾನರಿಗೆ ಹೇಳಿದ್ದಾನೆಂಬ ಸುದ್ದಿಯೂ ಬಂತು. ನಾಲ್ಕು ದಿನ ಅವಳು ಕಣ್ಣು ಮುಚ್ಚಿ ಆ ಮೂಲೆಯಲ್ಲಿ ನಿಂತಳು. ಗಂಡ ಬರಲಿಲ್ಲ. ಬಿಳಿ ರೋಲುಗಳು ಹೆಣದ ಹಾಗೆ ತಣ್ಣಗೆ ನಿಂತಿದ್ದವು.

ಶುಕ್ರವಾರ ಸಂಜೆ ಸೊಪ್ಪು ಬಿಡಿಸುತ್ತ ಕೂತ ಅತ್ತೆ ಕೇಳಿಯೇಬಿಟ್ಟರು. "ಏನೇ ಅದು, ನಾಲ್ಕು ದಿನದಿಂದ ಮುಖ ಊದಿಸ್ಕೊಂಡಿದ್ದೀಯ?"

ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಕೂಗಾಡುತ್ತಾರೆ ಅಂದುಕೊಂಡಿದ್ದಳು. ಅವರು, "ಎಲ್ಲಿ, ಹೇಗೆ ತಟ್ತಾನೆ ತೋರಿಸು," ಎಂದರು. ಅವಳು ಡಬ್ಬಿಯ ಮೇಲೆ ತಟ್ಟಿ ತೋರಿಸಿದಳು. ಟಕ್, ಟಕ್. ಟಕ್.

"ಇದು ನನ್ನ ಮಗಂದಾ? ಹುಚ್ಚಿ! ಅವನು ಒಂದೇ ಸಲ ತಟ್ಟೋನು ಕಣೇ. ಎರಡನೇ ಸಲಕ್ಕೆ ತಾಳ್ಮೆ ಎಲ್ಲಿತ್ತು ಅವನಿಗೆ? ಬಾಗಿಲನ್ನೂ ತಟ್ಟಿದೋನಲ್ಲ, ಒದ್ಕೊಂಡು ಬರೋನು." ಅತ್ತೆ ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆತ್ತೋಳು ಹೇಳ್ತಿದ್ದೀನಿ ಕೇಳು. ಅವನನ್ನ ಇದ್ದ ಹಾಗೆ ನೆನೆಸ್ಕೋ. ಇಲ್ಲದ್ದನ್ನ ಹಚ್ಚಬೇಡ. ದೆವ್ವದ ಜೊತೆ ಎಷ್ಟು ದಿನ ಸಂಸಾರ ಮಾಡ್ತೀಯ?"

ಶನಿವಾರ ಬೆಳಿಗ್ಗೆ ಅವಳು ನೇರವಾಗಿ ಅವನೆದುರು ಹೋಗಿ ನಿಂತಳು.

"ನಿಮ್ಮ ಗುರುಗಳು ಹೇಗೆ ತಟ್ತಿದ್ರು? ತೋರಿಸಿ."

ಅವನು ತಡವರಿಸಿದ. ಆಮೇಲೆ ಕೋಲೆತ್ತಿ ರೋಲಿನ ನಡುವೆ ಒಂದೇ ಒಂದು ಏಟು ಹಾಕಿದ. ಟಕ್!

ಗಂಡ ಬಂದ. ಎರಡು ವರ್ಷದಲ್ಲಿ ಮೊದಲ ಸಲ ನಿಜಕ್ಕೂ ಬಂದ. ಗಂಟು ಹಾಕಿದ ಹುಬ್ಬು, "ಊಟ ಆಗ್ಲಿಲ್ವಾ ಇನ್ನೂ" ಎಂಬ ಸಿಡುಕು, ಒಂದು ಕಾಲು ಆಗಲೇ ಹೊಸ್ತಿಲಾಚೆ. ನಿಲ್ಲುವ ಜಾತಿಯಲ್ಲ ಅವನು. ಏಟಿನ ಸದ್ದು ಅಡಗುವ ಮೊದಲೇ ಹೋಗಿಯೂಬಿಟ್ಟ. ಅವಳು ರೋಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

"ಮತ್ತೆ ಆ ಮೂರು ಸಲ?" ಎಂದು ಕೊನೆಗೆ ಕೇಳಿದಳು.

"ಅದು ನಂದು. ನನ್ನ ಎಡಗಿವಿ ಪೂರ್ತಿ ಕಿವುಡು, ಚಿಕ್ಕಂದಿನಿಂದ. ಒಂದು ಏಟಲ್ಲಿ ಗೊತ್ತಾಗಲ್ಲ. ಅದಕ್ಕೇ ನಡುವೆ ಎರಡು, ಆಮೇಲೆ ಬಲಗಿವಿ ತಿರುಗಿಸ್ಕೊಂಡು ಅಂಚಿಗೆ ಒಂದು. ಗುರುಗಳು ಇದಕ್ಕೇ ಬೈತಿದ್ದದ್ದು."

"ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ." ಅವನು ತಲೆ ತಗ್ಗಿಸಿದ. "ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ. ಅದೂ ತಪ್ಪೇ. ಸತ್ತೋರ ನೆರಳಲ್ಲಿ ನಿಂತ್ಕೊಂಡು ನಿಮ್ಮನ್ನ ನೋಡ್ತಾ ಇದ್ದೆ. ಹೋಗೋಕೆ ಮುಂಚೆ ಹೇಳಬೇಕು ಅಂತಿದ್ದೆ, ಧೈರ್ಯ ಬರಲಿಲ್ಲ."

"ಧೈರ್ಯ ಇಲ್ಲದೋರಿಗೆ ಮದುವೆ ಬೇರೆ ಕೇಡು," ಎಂದು ರೇಗಿ ಅವಳು ಮುಖ ತೊಳೆಯಲು ಹೋದಳು.

ಮುಖ ತೊಳೆಯುತ್ತ ಲೆಕ್ಕ ಹಾಕಿದಳು. ಮೂರು ತಿಂಗಳು ಏಳೂಕಾಲಿಗೆ ಓಡೋಡಿ ಬಂದದ್ದು ಈ ಕೈಗೆ. ಮೈ ಜುಮ್ಮೆಂದದ್ದು ಈ ಕೈಗೆ. ಗಂಡನ ಹೆಸರು ಹೇಳಿಕೊಂಡು ತಾನು ಕಾದದ್ದು ಇವನನ್ನೇ. ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು, ಕಣ್ಣು ಮತ್ತೆ ತುಂಬಿತು.

ಅವಳು ವಾಪಸು ಬರುವಷ್ಟರಲ್ಲಿ ಕೆಲಸದವರೆಲ್ಲ ಬಂದಿದ್ದರು. ಅವನು ಕೊನೆಯ ದಿನದ ರೋಲು ಏರಿಸಿ ಮಷೀನ್ ಶುರು ಮಾಡಿದ್ದ. ಅವಳು ಮೆಲ್ಲಗೆ ಅವನ ಪಕ್ಕ ಹೋಗಿ ನಿಂತು, ಕಣ್ಣು ಓಡುವ ಫಿಲ್ಮಿನ ಮೇಲಿಟ್ಟು, "ಹೂಂ," ಎಂದಳು.

ಅವನು ಅಲುಗಲೂ ಇಲ್ಲ. ಜಂಭ ನೋಡು ಎಂದುಕೊಳ್ಳುವಷ್ಟರಲ್ಲಿ ತಾನು ನಿಂತದ್ದು ಎಡಗಡೆ ಎಂದು ಹೊಳೆಯಿತು. ಸುತ್ತು ಹಾಕಿ ಬಲಗಡೆಗೆ ಬಂದಳು. ಮಷೀನಿನ ಗದ್ದಲ ಆಗಲೇ ಜೋರಾಗಿತ್ತು. ಎಲ್ಲಿಲ್ಲದ ಧೈರ್ಯ ತಂದುಕೊಂಡು ಕೂಗಿದಳು.

"ಹೂಂ ಅಂದೆ ಕಣ್ರೀ!"

ಅವನು ಮಷೀನ್ ನಿಲ್ಲಿಸಿಬಿಟ್ಟ. ಎಲ್ಲರೂ ಇವರತ್ತಲೇ ನೋಡುತ್ತಿದ್ದರು. ಅವನು ಅವಳತ್ತ ತಿರುಗಿದ.

"ಯಾರಿಗೆ?" ಎಂದು ಕೇಳಿದ.

"ನಿಮಗೆ," ಎಂದಳು ಅವಳು. "ನಿಮಗೇ."