ತಣಿಯುವ ಮೊದಲು

"ಅಚ್ಚಲ್ಲಿ ಬಿರುಕಿದೆ," ಎಂದೆ. ನಾಲ್ಕು ವರ್ಷದಲ್ಲಿ ಅವನ ಕೆಲಸದಲ್ಲಿ ನನಗೆ ಸಿಕ್ಕಿದ ಒಂದೇ ತಪ್ಪು. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಡಂಗುರ ಸಾರುತ್ತಿದ್ದೆ.

ಅವನು ತಲೆ ಎತ್ತಲಿಲ್ಲ.

ನನ್ನದು ಬೆಳ್ಳಿ ಕೆಲಸ. ಎದುರಿನ ಶೆಡ್ಡಿನಲ್ಲಿ ಅವನು ಟೂಲ್ ಸ್ಟೀಲ್ ಎಂಬ ಗಡುಸು ಉಕ್ಕಿನಲ್ಲಿ ಅಚ್ಚು ಕೊರೆಯುತ್ತಾನೆ. ಅದರ ಮೇಲೆ ತಗಡು ಒತ್ತಿ ನಾನು ಎಲೆ, ಹೂವು ಮಾಡುತ್ತೇನೆ. ಯಾರ ಲೋಹ ಹೆಚ್ಚು ಎಂದು ದಿನವೂ ಜಗಳ.

"ತಾಮ್ರ ಬೆರೆಸದಿದ್ರೆ ನಿನ್ನ ಬೆಳ್ಳಿಗೆ ಬೆನ್ನೆಲುಬೇ ಇಲ್ಲ. ಬೆರೆಸಿದ್ರೂ ಅಷ್ಟೇ, ಜೋರಾಗಿ ಬೈದ್ರೆ ಬಗ್ಗತ್ತೆ."

"ನಿನ್ನ ಉಕ್ಕಿಗೆ ಜಂಬ. ಬಗ್ಗೋಕೆ ಬರಲ್ಲ, ಮುರಿಯೋಕೆ ಬರತ್ತೆ."

ಆಗ ಅವನು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡುತ್ತಿದ್ದ. ಆ ನೋಟಕ್ಕಾಗಿಯೇ ನಾನು ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದೆ.

ವಿಚಿತ್ರವೆಂದರೆ ಇಬ್ಬರೂ ಮಾಡುವುದು ಒಂದೇ: ಕೆಂಪಗೆ ಕಾಯಿಸಿ ಅದ್ದುವುದು. ಬಡಿದು ಬಡಿದು ಗಡುಸಾದ ನನ್ನ ಬೆಳ್ಳಿ ಹಾಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಎಷ್ಟು ಸಲ ಬೇಕಾದರೂ. ಅವನ ಉಕ್ಕು ಎಣ್ಣೆಗೆ ಬಿದ್ದ ಕೂಡಲೇ ಗಾಜಿನ ಹಾಗೆ ಗಡುಸಾಗುತ್ತದೆ. ಪೂರ್ತಿ ತಣಿಯುವ ಮೊದಲೇ ಅದನ್ನು ಓವನ್ನಿನ ಹದವಾದ ಬಿಸಿಯಲ್ಲಿಟ್ಟು ಟೆಂಪರ್ ಮಾಡಿ ಆ ಪೆಡಸುತನ ಇಳಿಸಬೇಕು. ತಡವಾದರೆ ಯಾರೂ ಮುಟ್ಟದೆಯೇ ಬಿರಿಯುತ್ತದೆ.

ಅವನು ತಡ ಮಾಡುವವನಲ್ಲ. ಉಕ್ಕಿನ ವಿಷಯದಲ್ಲಿ ಮಾತ್ರ.

"ಓವನ್‌ಗೆ ಹಾಕೋದು ಮರೆತ್ಯಾ?"

"ಎಣ್ಣೆಯಿಂದ ತೆಗೆದು ಬೆಂಚ್ ಮೇಲಿಟ್ಟೆ. ಅಷ್ಟರಲ್ಲಿ ನಿಮ್ಮಪ್ಪ ಬಂದು, ನೀನು ಮದುವೆಗೆ ಒಪ್ಪಿದೆ ಅಂದ್ರು. ಆಮೇಲೆ ಎಷ್ಟು ಹೊತ್ತು ಹಾಗೇ ಕೂತಿದ್ನೋ ಗೊತ್ತಿಲ್ಲ."

ಅಕ್ಕ ತೀರಿಕೊಂಡು ವರ್ಷವಾಗಿತ್ತು. ಅವಳ ಇಬ್ಬರು ಮಕ್ಕಳು ನನ್ನನ್ನೇ ಹಚ್ಚಿಕೊಂಡಿದ್ದರು. ಭಾವನನ್ನು ಮದುವೆಯಾಗು ಎಂದು ಅಪ್ಪ ಕೇಳಿದಾಗ ಒಂದು ತಿಂಗಳು ಟೈಮ್ ಕೊಡಿ ಎಂದಿದ್ದೆ. ಅದನ್ನು ಇವನಿಗೂ ಹೇಳಿ, ಇವನ ಬಾಯಿಂದ ಒಂದು ಮಾತು ಬರಲೆಂದು ತಿಂಗಳಿಡೀ ಕಾದೆ. ಇವನು ತಾಮ್ರ ಎಷ್ಟು ಪಾಲಿರಬೇಕು ಎಂದು ವಾದಿಸುತ್ತಲೇ ಇದ್ದ. ನಾನಾದರೂ ಹೇಳಬಹುದಿತ್ತು, ನನಗೂ ಜಂಬ. ನಿನ್ನೆ ಅಪ್ಪನಿಗೆ ಹೂಂ ಎಂದುಬಿಟ್ಟೆ.

"ಯಾಕೋ ಬಾಯಿ ಬಿಡಲಿಲ್ಲ?"

"ತಾಯಿ ಇಲ್ಲದ ಮಕ್ಕಳು. ನಾನು ಅಡ್ಡ ಬರೋದು ಸರೀನಾ ಅಂತ..." ಅವನು ಬಿರಿದ ಅಚ್ಚನ್ನು ಪಕ್ಕಕ್ಕೆ ತಳ್ಳಿದ. "ಈಗ ಹೇಳ್ತೀನಿ. ಹೋಗ್ಬೇಡ ಕಣೇ."

"ನಿನ್ನೆ ಸಂಜೆ ಚಿಕ್ಕವಳು ಫೋನಲ್ಲಿ ನನ್ನನ್ನ ಅಮ್ಮ ಅಂದ್ಲು. ಅವಳಿಗೆ ಇಲ್ಲ ಅಂತ ಹೇಗೆ ಹೇಳ್ಲಿ?"

ಅವನು ಮೆಲ್ಲಗೆ ಕೇಳಿದ.

"ಹೋದ ವಾರ ಕೇಳಿದ್ದಿದ್ರೆ?"

"ಹೂಂ ಅಂತಿದ್ದೆ. ಓಡಿ ಬಂದು ಹೂಂ ಅಂತಿದ್ದೆ."

ಅವನು ನನ್ನ ಕೈ ಹಿಡಿದ. ಇಷ್ಟು ವರ್ಷದಲ್ಲಿ ಇದೇ ಮೊದಲು. ಬಾಗಿಲಾಚೆ ಅಪ್ಪನ ಕೆಮ್ಮು ಕೇಳಿಸಿತು.

ಕೈ ಬಿಡಿಸಿಕೊಂಡವಳು ನಾನೇ.