ಮಂಜಿನೊಳಗಿನ ಚಪ್ಪಾಳೆ

ಟಪ್! ಟಪ್!

ಚಿಗರೆ ಉಸಿರು ಬಿಗಿಹಿಡಿದಳು. ಮೈದಾನದಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಯಾರೆಂದು ನೋಡೋಣವೆಂದರೆ ಎಲ್ಲೆಲ್ಲೂ ಮಂಜು. ಎದುರಿನ ಗೋಲ್ ಕಂಬವೇ ಕಾಣುತ್ತಿರಲಿಲ್ಲ, ಇನ್ನು ಮನುಷ್ಯರು ಎಲ್ಲಿ ಕಾಣಬೇಕು?

ಟಪ್! ಟಪ್! ಆಮೇಲೆ ಯಾರೋ ಓಡುವ ಸದ್ದು. ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಇದ್ದಕ್ಕಿದ್ದಂತೆ ನಿಂತುಹೋಯಿತು.

ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ, ಮುರಿದ ಹರ್ಡಲ್‌ಗಳ ನಡುವೆ ಕೂತಿದ್ದ ಚಿಗರೆ ಇನ್ನಷ್ಟು ಮುದುಡಿಕೊಂಡಳು. ನಿಜ ಹೇಳಬೇಕೆಂದರೆ ಅವಳು ಅಲ್ಲಿ ಕೂರಬೇಕಾದವಳೇ ಅಲ್ಲ. ಟ್ರ್ಯಾಕಿನ ಮೇಲೆ ಓಡುತ್ತಿರಬೇಕಿತ್ತು.

ಚಿಗರೆ ಅನ್ನುವುದು, ಜಿಂಕೆಯ ಹಾಗೆ ಓಡುತ್ತಾಳೆಂದು ಪಿ.ಟಿ. ಸರ್ ಇಟ್ಟ ಹೆಸರು. ಸ್ಕೂಲಿನಲ್ಲಿ ಓಟ ಅಂದರೆ ಅವಳೇ ಫಸ್ಟ್. ಸೆಕೆಂಡ್ ಯಾರು ಅನ್ನುವುದಷ್ಟೇ ಪ್ರಶ್ನೆ. ಆದರೆ ಈ ವರ್ಷ ಏನೋ ಆಗಿತ್ತು. ಏನೆಂದು ಅವಳಿಗೇ ಗೊತ್ತಿಲ್ಲ. ಬಿದ್ದಿಲ್ಲ, ಸೋತಿಲ್ಲ, ಯಾರೂ ಬೈದಿಲ್ಲ. ಒಂದು ಬೆಳಿಗ್ಗೆ ಶೂ ಲೇಸ್ ಕಟ್ಟುವಾಗ ಬೇಡ ಅನ್ನಿಸಿತು, ಅಷ್ಟೇ. ಅದೇ ಟ್ರ್ಯಾಕು, ಅದೇ ತಿರುವು, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದು. ಹಲ್ಲು ನೋವಾದರೆ ಬಾಯಿ ತೆರೆದು ತೋರಿಸಬಹುದು. ಇದನ್ನು ಯಾರಿಗೆ ತೋರಿಸುವುದು?

ಅಪ್ಪನಿಗಂತೂ ಹೇಳುವ ಹಾಗೇ ಇರಲಿಲ್ಲ. ಅಪ್ಪ ಬೇಕರಿಯಲ್ಲಿ ರಾತ್ರಿಯೆಲ್ಲ ಬ್ರೆಡ್ ಬೇಯಿಸಿ, ನಿದ್ದೆಗಣ್ಣಲ್ಲೇ ಬಂದು ಅವಳನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಬಿಡುತ್ತಿದ್ದ. ಅಂಗಡಿಗಳಿಗೆ ಬ್ರೆಡ್ ಹಾಕಿ, ವಾಪಸ್ ಬರುವಾಗ ಕರೆದುಕೊಂಡು ಹೋಗುತ್ತಿದ್ದ. "ನನ್ನ ಮಗಳು ಓಡ್ತಾಳೆ" ಎಂದು ಬ್ರೆಡ್ ಹಾಕುವ ಅಂಗಡಿಗಳಲ್ಲೆಲ್ಲ ಹೇಳಿಕೊಂಡಿದ್ದ. ಅದಕ್ಕೇ ಚಿಗರೆ ಮೆಟ್ಟಿಲ ಕೆಳಗೆ ಕೂತು ಹೊತ್ತು ಕಳೆಯುತ್ತಿದ್ದಳು. ಸ್ಕೂಟರ್ ಬರುವ ಹೊತ್ತಿಗೆ ನಲ್ಲಿ ತಿರುಗಿಸಿ, ಕುತ್ತಿಗೆಗೂ ಟೀ ಶರ್ಟಿಗೂ ನೀರು ಚಿಮುಕಿಸಿಕೊಂಡರೆ ಆಯಿತು, ಬೆವರು ರೆಡಿ.

ಈಗ ನೋಡಿದರೆ ಈ ಚಪ್ಪಾಳೆ. ಮಂಜು ಬೀಳತೊಡಗಿದ ಮೇಲೆ ದಿನಾ ಕೇಳುತ್ತಿತ್ತು. ಇವತ್ತು ಅದರ ಜೊತೆ ಒಂದು ಒಡಕು ದನಿಯೂ ಕೇಳಿತು.

"ಬಾ... ಬಾ... ನೇರ ಬಾ..."

ತನ್ನನ್ನೇ ಕರೆಯುತ್ತಿದೆ ಅನ್ನಿಸಿ ಚಿಗರೆಯ ಮೈ ಜುಮ್ಮೆಂದಿತು. ಇನ್ನು ಇಲ್ಲಿ ಕೂರುವುದು ಬೇಡವೇ ಬೇಡ ಎಂದು ಎದ್ದು ಗೇಟಿನ ಕಡೆ ಹೊರಟಳು. ಆದರೆ ಮಂಜಿನಲ್ಲಿ ಗೇಟು ಯಾವ ಕಡೆ? ಬಲಕ್ಕೆ ಹೋದಳು. ಕಾಲಿಗೆ ಟ್ರ್ಯಾಕಿನ ಮಣ್ಣು ಸಿಕ್ಕಿತು. ಅಷ್ಟರಲ್ಲಿ ಹೆಜ್ಜೆ ಸದ್ದು ನೇರ ಅವಳ ಕಡೆಗೇ ಬಂತು.

ಮಂಜಿನಿಂದ ಒಂದು ಮುಖ ಹೊರಬಂತು. ಕಣ್ಣು ಇರಬೇಕಾದ ಜಾಗದಲ್ಲಿ ಬರೀ ಕಪ್ಪು.

ಆ ಮುಖ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಿತು. ತಲೆ ಓರೆ ಮಾಡಿ ಏನನ್ನೋ ಆಲಿಸಿತು. ಆಮೇಲೆ ಜೋರಾಗಿ ಕೂಗಿತು.

"ಅಜ್ಜೀ! ನಾನು ಹೇಳಿರ್ಲಿಲ್ವಾ? ದೆವ್ವ ಸಿಕ್ತು!"

ಎಲ್ಲಿ ದೆವ್ವ ಎಂದು ಚಿಗರೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನಾ... ನಾನು ದೆವ್ವ ಅಲ್ಲ" ಎಂದಳು.

"ಮತ್ತಿನ್ಯಾರು? ದಿನಾ ಬರ್ತೀಯ, ಮೆಟ್ಟಿಲ ಕೆಳಗೆ ಕೂತು ಉಸಿರಾಡ್ತೀಯ, ನಲ್ಲಿ ತಿರುಗಿಸ್ತೀಯ, ಮಾಯ ಆಗ್ತೀಯ. ಕಾಲಲ್ಲಿ ಓಟದ ಶೂ ಸದ್ದು, ಒಂದು ದಿನಾನೂ ಓಡಲ್ಲ. ದೆವ್ವ ಬಿಟ್ಟು ಬೇರೆ ಯಾರು ಹಂಗ್ ಮಾಡ್ತಾರೆ?"

ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆಲ್ಲ ಇವಳಿಗೆ ಗೊತ್ತಿತ್ತು.

ಆ ಹುಡುಗಿ ಹೈಸ್ಕೂಲಿನವಳು, ಚಿಗರೆ ಅಕ್ಕ ಎನ್ನುವಷ್ಟು ದೊಡ್ಡವಳು. ಕಣ್ಣಿಗೆ ಕಟ್ಟಿದ್ದು ಕಪ್ಪು ಪಟ್ಟಿ. "ನಂಗೆ ಕಣ್ಣು ಕಾಣಲ್ಲ. ಒಂಚೂರು ಬೆಳಕು ಗೊತ್ತಾಗುತ್ತೆ, ಅಷ್ಟೇ. ರೇಸಲ್ಲಿ ಅದೂ ಇರಬಾರ್ದು, ಎಲ್ರೂ ಸಮ ಅಂತ ಪಟ್ಟಿ" ಎಂದು ವಿವರಿಸಿದಳು. ಟ್ರ್ಯಾಕಿನ ತುದಿಯಲ್ಲಿ ಅವಳ ಅಜ್ಜಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಚಪ್ಪಾಳೆ ಅವರದೇ.

"ನನ್ನ ಮಂಡಿ ಓಡಲ್ಲ ಕಣಮ್ಮ, ಕೈ ಮಾತ್ರ ಓಡುತ್ತೆ" ಎಂದರು ಅಜ್ಜಿ.

"ಚಪ್ಪಾಳೆ ಕಡೆಗೆ ಓಡ್ತೀನಿ. ಅದಕ್ಕೇ ನೇರ ಮಾತ್ರ" ಎಂದಳು ಅಕ್ಕ. "ತಿರುವಲ್ಲಿ ಓಡ್ಬೇಕು ಅಂದ್ರೆ ಕೈಗೆ ಕೈ ಕಟ್ಕೊಂಡು ಪಕ್ಕದಲ್ಲಿ ಒಬ್ರು ಓಡ್ಬೇಕು. ಅಜ್ಜಿನ ಓಡಿಸಿದ್ರೆ ಆಂಬುಲೆನ್ಸೇ ಗತಿ. ತಿರುವು ಹೆಂಗಿರುತ್ತೆ?"

"ಬೋರು" ಎಂದಳು ಚಿಗರೆ.

"ನಿಂಗೆ ಬೋರು. ನಂಗೆ ಒಂದ್ಸಲಾನೂ ಸಿಕ್ಕಿಲ್ಲ."

ಜೇಬಿನಿಂದ ಅಕ್ಕ ಒಂದು ಗಿಡ್ಡ ದಾರ ತೆಗೆದಳು. ಅದರ ಎರಡೂ ತುದಿಯಲ್ಲಿ ಕುಣಿಕೆ ಇತ್ತು. ಒಂದನ್ನು ತನ್ನ ಕೈಗೆ ಹಾಕಿಕೊಂಡು ಇನ್ನೊಂದನ್ನು ಮಂಜಿನೊಳಕ್ಕೆ ಚಾಚಿ ಹಿಡಿದಳು. ಚಿಗರೆ ಅದಕ್ಕೆ ಕೈ ತೂರಿಸಿದಳು.

ಹೊರಟರು. ತಿರುವು ಬಂದಾಗ ಚಿಗರೆಯ ಕಾಲು ತಾನೇ ವೇಗ ಹೆಚ್ಚಿಸಿತು. ದಾರ ಜಗ್ಗಿತು. ದೊಪ್ಪೆಂದು ಸದ್ದಾಯಿತು.

ಅಕ್ಕ ನೆಲದ ಮೇಲಿದ್ದಳು. ಮಂಡಿ ತರಚಿ ರಕ್ತ ಬರುತ್ತಿತ್ತು. "ನೀನೊಬ್ಳೇ ಓಡಿದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಇದೀನಿ ಅನ್ನೋದೇ ಮರ್ತೋಯ್ತಾ?"

ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಚಿಗರೆಗೆ. ಗೇಟಿನ ಹತ್ತಿರ ಸ್ಕೂಟರಿನ ಹಾರನ್ ಕೇಳಿದಾಗ ಅವಳು ನಲ್ಲಿಯ ಕಡೆ ಹೋಗಲೇ ಇಲ್ಲ. ಒಣ ಟೀ ಶರ್ಟಿನಲ್ಲೇ, ಮೂಗು ಸುರಿಸಿಕೊಂಡು ಅಪ್ಪನ ಮುಂದೆ ನಿಂತಳು.

"ಅಪ್ಪಾ, ನಾನು ಓಡ್ತಾನೇ ಇಲ್ಲ. ಎಷ್ಟೋ ದಿನ ಆಯ್ತು. ಸುಮ್ನೆ ನೀರು ಹಾಕ್ಕೊಂಡು ಬರ್ತಿದ್ದೆ."

ಅಪ್ಪ ಎಂಜಿನ್ ಆರಿಸಿದ. "ಗೊತ್ತು ಪುಟ್ಟ. ಇದು ಬೆವರಿನ ಶರ್ಟಲ್ಲ ಅಂತ ನಿಮ್ಮಮ್ಮ ಬಟ್ಟೆ ಒಗೆಯುವಾಗಲೇ ಹೇಳಿದ್ಲು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ದಿನಾ ದಾರೀಲಿ ಕೇಳೋಣ ಅಂದ್ಕೋತೀನಿ. ಅಷ್ಟರಲ್ಲಿ ಗೇಟು ಬಂದ್ಬಿಡುತ್ತೆ." ಅಪ್ಪ ಹಿಟ್ಟು ಮೆತ್ತಿದ ಕೈಯಿಂದ ಮೂಗು ಉಜ್ಜಿಕೊಂಡ. "ಹಂಗಾದ್ರೆ ನಾಳೆಯಿಂದ ಹಾಯಾಗಿ ಮಲಗು, ಆಯ್ತಾ? ನಂಗೇನೂ ಬೇಜಾರಿಲ್ಲ."

ಬೇಜಾರಿತ್ತು, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೂ ಚಿಗರೆಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹಿಂದೆ ಮಂಜಿನಲ್ಲಿ ಮತ್ತೆ ಚಪ್ಪಾಳೆ ಕೇಳಿತು. ಕುಂಟು ಹೆಜ್ಜೆಗಳು ನೇರ ಓಡಿಹೋಗಿ ನಿಂತವು.

"ಇಲ್ಲಪ್ಪ, ನಾಳೆ ಇಲ್ಲಿಗೆ ಬೇಗ ಬಿಡು" ಎಂದಳು.

ಮಾರನೆಯ ದಿನದಿಂದ ಹೊಸ ಪಾಠ ಶುರುವಾಯಿತು. ಅಕ್ಕ ಕೈ ಬೀಸಿದ ಹಾಗೇ ಚಿಗರೆಯೂ ಬೀಸಬೇಕು, ಅವಳ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಕಂಡದ್ದನ್ನೆಲ್ಲ ಹೇಳಬೇಕು. ಒಂದು ದಿನ ಚಿಗರೆಯೂ ಪಟ್ಟಿ ಕಟ್ಟಿಕೊಂಡು ನೋಡಿದಳು. ಮೈದಾನ ಒಮ್ಮೆಗೇ ದೊಡ್ಡದಾಯಿತು. ಗ್ಯಾಲರಿಯೊಳಗಿನ ಪಾರಿವಾಳಗಳು ಕಿವಿಯ ಪಕ್ಕದಲ್ಲೇ ಗುಟುರು ಹಾಕಿದವು. ಎಲ್ಲೋ ಯಾರೋ ಉಸಿರಾಡುತ್ತಿದ್ದರು. ಹೆದರಿ ಪಟ್ಟಿ ಕಿತ್ತಳು. ಅದು ಅವಳದೇ ಉಸಿರು.

"ಇನ್ನೊಂದು ರೂಲ್ ಇದೆ" ಎಂದಳು ಅಕ್ಕ. "ಗೆರೆ ನಾನೇ ಮೊದಲು ದಾಟ್ಬೇಕು. ನೀನು ಮೊದಲು ದಾಟಿದ್ರೆ ಇಬ್ರೂ ಔಟ್."

"ಅಯ್ಯೋ, ಇದ್ಯಾವ ಸೀಮೆ ರೇಸು!"

"ನಮ್ಮ ಸೀಮೇದು. ಆಗುತ್ತಾ?"

ಆ ವಾರದ ಕೊನೆಗೆ ಮಂಜು ಎಂದಿಗಿಂತ ದಟ್ಟವಾಗಿತ್ತು. ಅಜ್ಜಿ ಎಲ್ಲೋ ಮಾಯವಾಗಿದ್ದರು, ಚಪ್ಪಾಳೆ ಮಾತ್ರ ಉಳಿದಿತ್ತು.

"ತಿರುವು... ಎಡಕ್ಕೆ... ಇನ್ನೂ ಎಡಕ್ಕೆ..." ಎನ್ನುತ್ತ ಚಿಗರೆ ಓಡಿದಳು. ಸ್ವಲ್ಪ ಹೊತ್ತಿಗೆ ಅವಳಿಗೆ ವಿಚಿತ್ರವೆನಿಸಿತು. ಇಬ್ಬರು ಓಡುತ್ತಿದ್ದರೂ ಕೇಳುತ್ತಿದ್ದುದು ಒಬ್ಬರ ಹೆಜ್ಜೆ ಸದ್ದು. ಇನ್ನೊಬ್ಬರು ಎಲ್ಲಿ? ಕಾಣೆಯಾದವಳು ತಾನೋ, ಅಕ್ಕನೋ? ಚಿಗರೆ ದಿಗಿಲಿನಿಂದ ಪಕ್ಕಕ್ಕೆ ನೋಡಿದಳು. ಅಕ್ಕ ಅಲ್ಲೇ ಇದ್ದಳು. ಇಬ್ಬರ ಕಾಲೂ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಬೀಳುತ್ತಿದ್ದವು.

"ನೇರ! ಗೆರೆ ಬಂತು!"

ಚಿಗರೆಯ ಎದೆ ಹಳೆಯ ಅಭ್ಯಾಸದಂತೆ ಮುಂದೆ ನುಗ್ಗಿತು. ಅವಳು ಹಲ್ಲು ಕಚ್ಚಿ ಅರ್ಧ ಹೆಜ್ಜೆ ಹಿಂದೆ ಉಳಿದಳು. ಅಕ್ಕ ಬಾಯಿ ತುಂಬ ನಗುತ್ತ ಗೆರೆ ದಾಟಿದಳು.

ಚಿಗರೆ ಆ ಮುಖವನ್ನೇ ನೋಡುತ್ತ ನಿಂತಳು. ಎಷ್ಟೋ ಸಲ ಅವಳು ಗೆರೆ ದಾಟಿದ್ದಳು. ದಾಟುವವರ ಮುಖ ಹೀಗಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಎಲ್ಲರೂ ಅವಳ ಹಿಂದೆಯೇ ಇರುತ್ತಿದ್ದರಲ್ಲ.

"ಬೋರಾಯ್ತಾ?" ಎಂದು ಅಕ್ಕ ಏದುಸಿರು ಬಿಡುತ್ತ ಕೇಳಿದಳು.

ಚಿಗರೆ ಕೈಯ ಕುಣಿಕೆ ತೆಗೆಯಲಿಲ್ಲ.

"ಇನ್ನೊಂದು ಸುತ್ತು ಹೋಗೋಣ್ವಾ?" ಎಂದಳು.